ಸೇತುವೆಯ ಕೆಳಗೆ ಕಟ್ಟಿದ ಹಸು

ಕಟ್ಟುವಾಗಲೇ ಸೇತುವೆ ಯಾಕೆ ಬೀಳುತ್ತದೆ ಎಂದು ಮೊನ್ನೆ ಫೋನಿನಲ್ಲಿ ಹುಡುಕುತ್ತಾ ಕೂತಿದ್ದಿರಿ. ಅಜ್ಜಿಯನ್ನೇ ಕೇಳಬಹುದಿತ್ತು, ಮಕ್ಕಳೇ. ಒಂದನ್ನು ಬೀಳಿಸಿದ್ದರಲ್ಲಿ ನನ್ನ ಪಾಲೂ ಇದೆ.

ನಮ್ಮೂರ ದಾರಿ ಬೂದಿಕೋಟೆ ರಸ್ತೆಗೆ ಸೇರುವಲ್ಲಿ ಹಳ್ಳಕ್ಕೆ ಸಣ್ಣ ಸೇತುವೆ ಕಟ್ಟುತ್ತಿದ್ದರು. ಸೆಂಟ್ರಿಂಗ್ ಮೇಸ್ತ್ರಿ ನಿಮ್ಮ ತಾತ. ಹಲಗೆ ಹಾಸಿ, ಕೆಳಗಿನಿಂದ ನೀಲಗಿರಿ ಕಂಬಗಳನ್ನು ಆನಿಸಿ, ಬುಡಕ್ಕೆ ಬೆಣೆ ಹೊಡೆದು ಬಿಗಿ ಮಾಡಿದ್ದರು. ಹಸಿ ಕಾಂಕ್ರೀಟಿಗೆ ಭಾರ ಮಾತ್ರ ಇರುತ್ತದೆ, ಬಲ ಇರುವುದಿಲ್ಲ. ಗಟ್ಟಿಯಾಗುವವರೆಗೂ ಅದನ್ನು ಹೊರುವುದು ಕಂಬಗಳೇ. ಊಟಕ್ಕೆ ಕೂತಾಗಲೆಲ್ಲ ತಾತ ಇದನ್ನು ಹೇಳುತ್ತಿದ್ದರು. ನಾನು ಸಾರು ಬಡಿಸುತ್ತಾ ಹೂಂಗುಟ್ಟುತ್ತಿದ್ದೆ, ಅಷ್ಟೇ.

ಕಾಂಕ್ರೀಟ್ ಹಾಕುವ ದಿನ ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋಗುವಾಗ, ಒಳ್ಳೆಯ ನೆರಳಿದೆಯೆಂದು ನಮ್ಮ ಸೀಮೆಹಸುವನ್ನು ಸೇತುವೆ ಕೆಳಗಿನ ಒಂದು ಕಂಬಕ್ಕೆ ಕಟ್ಟಿದೆ. ಮೇಸ್ತ್ರಿಯ ಹೆಂಡತಿಗೆ ಅಷ್ಟೂ ಸಲುಗೆ ಬೇಡವೇ?

ವಾಪಸು ಬರುವಷ್ಟರಲ್ಲಿ ಮೇಲೆ ಕಾಂಕ್ರೀಟ್ ಸುರಿಯುತ್ತಿದ್ದರು. ಕೆಳಗೆ ಹಸು ಹುಲ್ಲಿನಾಸೆಗೆ ಹಗ್ಗ ಜಗ್ಗಿ, ಬೆಣೆ ಕಿತ್ತುಬಂದು, ಕಂಬ ವಾಲಿತ್ತು. ಅದರ ಪಾಲಿನ ಭಾರವೂ ಬಿದ್ದು ಪಕ್ಕದ ಕಂಬ ಬಿಲ್ಲಿನಂತೆ ಬಾಗುತ್ತಿತ್ತು. ಮೇಲೆ ಎಂಟು ಜನ. ಹಸುವನ್ನು ಬಿಚ್ಚಿಕೊಂಡು ಹೊರಗೆ ಓಡಿ ಬಂದೆ.

"ಏನೂಂದ್ರೆ, ಇಳೀರಿ" ಅಂದೆ. ಗಂಡಸರ ಮುಂದೆ ನನ್ನ ದನಿ ನನಗೇ ಕೇಳಿಸಲಿಲ್ಲ.

"ಮೇಸ್ತ್ರೀ, ಅಕ್ಕ ಊಟಕ್ಕೆ ಕರೀತಾವ್ರೆ!" ಎಂದು ಒಬ್ಬ ಆಳು ನಕ್ಕ.

"ಓಗಮ್ಮಿ, ಆಮೇಲ್ ಬತ್ತೀನಿ" ಅಂದರು ತಾತ.

ಆ ಗಂಟಲು ನನಗೆ ಎಲ್ಲಿಂದ ಬಂತೋ! "ನಮ್ಮ ಅಸ ಕಂಬ ಕಿತ್ತಾಕೈತೆ! ಎಲ್ರೂ ಇಳೀರಲಾ!"

ತಾತ ಬಗ್ಗಿ ನೋಡಿದರು. ಎಲ್ಲರನ್ನೂ ದಡಕ್ಕೆ ಅಟ್ಟಿ ಕೊನೆಗೆ ತಾವು ಹಾರಿದರು. ಒಂದು ಕಂಬ ಮುರಿಯಿತು, ಅದರ ಭಾರಕ್ಕೆ ಇನ್ನೊಂದು, ಮತ್ತೊಂದು. ಹಲಗೆ, ಕಂಬಿ, ಕಾಂಕ್ರೀಟ್ ಎಲ್ಲವೂ ಹಳ್ಳಕ್ಕೆ ಬಿದ್ದವು. ಯಾರಿಗೂ ಏಟಾಗಲಿಲ್ಲ.

ಇಂಜಿನಿಯರ್ ಬಂದಾಗ ನಾನು ಹಸುವಿನ ಹಿಂದೆ ಅವಿತಿದ್ದೆ. "ತಪ್ಪು ನಂದೇ ಸಾ," ಅಂದರು ತಾತ. "ಕಂಬಕ್ಕೂ ಕಂಬಕ್ಕೂ ಅಡ್ಡಪಟ್ಟಿ ಕಟ್ಟಿರ್ಲಿಲ್ಲ. ಅಸ ಜಗ್ಗಿದ್ರೆ ಬೀಳೋದು ಒಂದು ಸೇತುವೇನಾ?"

ಮನೆಗೆ ಬಂದ ಮೇಲೆ ಮಾತ್ರ ಬಿಡಲಿಲ್ಲ. "ಅಲ್ವೇ, ಕಟ್ಕೊಂಡ ಗಂಡನ್ನೂ ಸೇರ್ಸಿ 'ಲಾ' ಅಂದ್ಬಿಟ್ಯಲ್ಲೇ!"

ಎರಡನೇ ಸಲ ಪ್ರತಿ ಕಂಬಕ್ಕೂ ಅಡ್ಡಪಟ್ಟಿ ಬಿತ್ತು. ಕಾಂಕ್ರೀಟ್ ಸುರಿಯುವ ಮುಂಚೆ ತಾತ ನನ್ನನ್ನು ಕರೆಸಿ, ಎಲ್ಲರೆದುರು, "ಕೂಗೋದಿದ್ರೆ ಈಗ್ಲೇ ಕೂಗ್ಬಿಡು" ಅಂದರು. ನಾನು ಒಂದೊಂದೇ ಕಂಬ ಅಲ್ಲಾಡಿಸಿ ನೋಡಿ, ಬಾಯಿಗೆ ಸೆರಗು ಹಿಡಿದು, ಆಗಬಹುದೆಂದು ತಲೆಯಾಡಿಸಿದೆ.