ಟವೆಲ್ಲಿನ ಕೆಳಗಿನ ಕುಸ್ತಿ

ಲಕ್ವಾ ಹೊಡೆದವರನ್ನು ನೋಡಲು ಹೋಗುವಾಗ ಹಣ್ಣು ಒಯ್ಯಬೇಡಿ. ಮುಂಚೆ ಬಂದವರ ಮೋಸಂಬಿಯೇ ಮೂಲೆಯಲ್ಲಿ ಬಾಡುತ್ತಿರುತ್ತದೆ. ನಾನು ಸವಣೂರಿಗೆ ಹೊರಟಾಗ ಒಯ್ದದ್ದು ಒಂದು ಹಳೆಯ ಸಿನಿಮಾ.

ಅಲ್ಲಿರುವ ನನ್ನ ಗೆಳೆಯ ಹರೆಯದಲ್ಲಿ ಗರಡಿಮನೆಯ ಪೈಲ್ವಾನ, ಆಮೇಲೆ ನನ್ನ ಹಾಗೇ ದನದ ದಲಾಲಿ. ನಾನು ತಿಳವಳ್ಳಿಯವ, ಹಿಂದೆ ಮುಂದೆ ಯಾರೂ ಇಲ್ಲದೆ, ಬಾಯಿಯೊಂದನ್ನೇ ನಂಬಿ ಈ ಧಂದೆಗೆ ಇಳಿದವ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಎಂದು ಇಬ್ಬರೂ ಸಂತೆ ಸಂತೆ ಸುತ್ತಿದವರು. ಒಮ್ಮೆ ಅವನು ಮಾರುವವರ ಕಡೆ, ನಾನು ಕೊಳ್ಳುವವರ ಕಡೆ. ಮತ್ತೊಮ್ಮೆ ಅದಲು ಬದಲು. ದನದ ಬೆಲೆಯನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲ್ಲು ಹೊದಿಸಿ ಅದರ ಕೆಳಗೆ ಎದುರಿನವನ ಬೆರಳು ಹಿಡಿಯುತ್ತೇವೆ. ಎಮ್ಮೆಯಾದರೆ ಬೆರಳಿಗೆ ಹತ್ತು ಸಾವಿರ, ಹಿಡಿದ ಬೆರಳು ಎಷ್ಟೋ ಬೆಲೆ ಅಷ್ಟು. ಸುತ್ತ ನಿಂತವರಿಗೆ ನಮ್ಮ ಮುಖವಷ್ಟೇ ಕಾಣುತ್ತದೆ. ಇದೆಲ್ಲ ಬಲಗೈ ಕೆಲಸ. ಎಡಗೈ ಚಾಚಿದವನ ಜೊತೆ ಯಾರೂ ವ್ಯಾಪಾರಕ್ಕೆ ಕೂಡುವುದಿಲ್ಲ.

ಗೆಳೆಯನ ಬಲಗೈಯೇ ಬಿದ್ದುಹೋಗಿತ್ತು. ಮಾತು ಉಳಿದಿತ್ತು, ಕಾಲೆಳೆಯುತ್ತ ನಡೆಯುತ್ತಿದ್ದ. ಕೈಯನ್ನು ಈಗ ಆಡಿಸಿದರೆ ಸುಧಾರಿಸಬಹುದು, ಬಿಟ್ಟರೆ ಹಾಗೇ ಸೆಟೆದು ಹೋಗುತ್ತದೆ ಎಂದು ಡಾಕ್ಟರು ಹೇಳಿ, ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅವನು ಅದನ್ನು ಮುಟ್ಟುತ್ತಿರಲಿಲ್ಲ.

"ಬರ್ರಿ ಭಾಯಿ," ಎಂದು ಅವನ ಹೆಂಡತಿ ಬಾಗಿಲಲ್ಲೇ ಶುರು ಮಾಡಿದರು. "ನೀವರ ಬುದ್ಧಿ ಹೇಳ್ರಿ. ಚೆಂಡು ಕೊಟ್ರ ಒಗದು ಬಿಡ್ತಾರ. ಹಿತ್ತಲದಾಗಿನ ಎಮ್ಮಿ ಮಾರಿಬಿಡು, ಇನ್ನ ಈ ಮನ್ಯಾಗ ದನದ ಸುದ್ದಿನ ಬ್ಯಾಡ ಅಂತಾರ."

"ಚೆಂಡಾಡಾಕ ನಾ ಏನ್ ಕೂಸೇನು?" ಒಳಗಿನಿಂದ ಅವನ ಧ್ವನಿ ಬಂತು.

"ಚೆಂಡು ಹಾಳಾಗಿ ಹೋಗ್ಲಿ ಪೈಲ್ವಾನ. ನಾ ಸಿನಿಮಾ ತಂದೇನಿ."

ನನ್ನ ಮೊಮ್ಮಗಳು ಫೋನಿನಲ್ಲಿ ಹುಡುಕಿಕೊಟ್ಟಿದ್ದಳು. ಎಂಬತ್ತರ ದಶಕದ ಪರದೇಶದ ಫೈಟಿಂಗ್ ಸಿನಿಮಾ, ಹಗ್ಗ ಕಟ್ಟಿದ ಅಟ್ಟದ ಮೇಲೆ ಆಡುವ ಕುಸ್ತಿಯದು. ಆಗ ಸವಣೂರಿನ ಒಂದು ವಿಡಿಯೋ ಅಂಗಡಿಯಲ್ಲಿ ಚಾಪೆ ಮೇಲೆ ಕೂತು ನೋಡಿದ್ದೆವು. ಇಂಗ್ಲಿಷು ಯಾರಿಗೂ ತಿಳಿಯದು. ಅಂಗಡಿಯವನೇ ಟಿವಿ ಪಕ್ಕ ನಿಂತು ಕಥೆ ಹೇಳುತ್ತಿದ್ದ. ಖಳನಾಯಕ ಹೀರೋನ ಸೋದರಮಾವ, ಹೊಲ ನುಂಗಿದ್ದಾನೆ ಎಂದಿದ್ದ. ನಾನು ನಂಬಿ ಕಣ್ಣೊರೆಸಿಕೊಂಡಿದ್ದೆ. ಗೆಳೆಯ ಮಾತ್ರ ಎದ್ದು ನಿಂತು, "ಇದು ಕುಸ್ತಿ ಅಲ್ರೋ, ಬಯಲಾಟ! ಹಂಗ ಬಡದ್ರ ಮನಶ್ಯಾ ಉಳಿತಾನೇನು?" ಎಂದು ಕೂಗಿ ಹಿಂದಿನವರಿಂದ ಬೈಸಿಕೊಂಡಿದ್ದ.

ಫೋನನ್ನು ತಂಬಿಗೆಗೆ ಆನಿಸಿ ಇಟ್ಟೆವು. ಈಗ ಅದಕ್ಕೆ ಹಿಂದಿ ಮಾತು ಕೂಡಿಸಿದ್ದರು. ಸೋದರಮಾವನೂ ಇಲ್ಲ, ಹೊಲವೂ ಇಲ್ಲ. ದಪ್ಪ ಚುಟ್ಟಾ ಸೇದುವ ಗುತ್ತಿಗೆದಾರನೊಬ್ಬ ಹೀರೋನ ತಂಗಿಯನ್ನು ಗೋದಾಮಿನಲ್ಲಿ ಕೂಡಿಹಾಕುತ್ತಾನೆ. ಹೀರೋ ಮಿಂಚುವ ಕೆಂಪು ಚಡ್ಡಿಯಲ್ಲೇ ಮೋಟರ್‌ಸೈಕಲ್ ಹತ್ತಿ ಗಾಜು ಒಡೆದುಕೊಂಡು ಒಳಗೆ ಹಾರುತ್ತಾನೆ. ಹಣೆಯ ರಕ್ತ ಗುಲಾಬಿ ಶರಬತ್ತಿನಂತಿತ್ತು.

"ಇದಕ್ಕ ಅತ್ತಿದ್ದೆಲ್ಲೋ, ಸಾಹುಕಾರ?" ಎಂದು ಗೆಳೆಯ ನಕ್ಕ. ಅವನು ನಕ್ಕು ಬಹಳ ದಿನವಾಗಿತ್ತೆಂದು ಚಹಾ ತಂದ ಭಾಬಿಯ ಮುಖದಲ್ಲೇ ತಿಳಿಯಿತು.

ಕೊನೆಯ ಕುಸ್ತಿ ಬಂತು. ಹೀರೋ ಮತ್ತು ಮುಸುಕು ಹಾಕಿದ ದೈತ್ಯ ಒಬ್ಬರ ಕುತ್ತಿಗೆಗೊಬ್ಬರು ಜೋತು ಬಿದ್ದಿದ್ದರು. ಗೆಳೆಯ ಮುಂದಕ್ಕೆ ಬಾಗಿದ.

"ತಡೀ. ಹಿಂದಕ್ಕ ತಗೋ."

ಮತ್ತೆ ಹಚ್ಚಿದೆ.

"ಕಾಣ್ತಿಲ್ಲೋ? ಮುಸುಕಿನಂವ ಇವನ ಮಣಿಕಟ್ಟು ಒತ್ತಿದ. ಈಗ ಎತ್ತು ಅಂತ ಹೇಳಾಕತ್ತಾನ. ಇಂವ ತಿರುಗಿ ಒತ್ತಿ ಹ್ಞೂಂ ಅಂದ. ಒಗಿಯೂಮುಂದ ನೋಡು, ಬೆನ್ನಿನ ಕೆಳಗ ಕೈ ಕೊಟ್ಟು ಇಳಸ್ತಾನ. ಅಷ್ಟು ಮಂದಿ ಮುಂದ, ಒಬ್ಬರಿಗೂ ಗೊತ್ತಾಗದಂಗ!"

ಅಂದು ಬಯಲಾಟ ಎಂದು ಕೂಗಿದವನು ಇಂದು ಪಕ್ಕದ ಸಂತೆಯ ಒಳ್ಳೆಯ ದಲಾಲಿಯನ್ನು ಕಂಡವನ ಹಾಗೆ ನೋಡುತ್ತಿದ್ದ. ಒತ್ತಿದ್ದು ನನಗೂ ಕಂಡಿತು. ಆದರೆ ಕಂಡದ್ದನ್ನೆಲ್ಲ ಒಪ್ಪಿಕೊಂಡರೆ ಮಾತು ಅಲ್ಲಿಗೇ ಮುಗಿಯುತ್ತದೆ. ವ್ಯಾಪಾರ ಮಾಡುವವರು ಇದನ್ನು ನೆನಪಿಡಬೇಕು.

"ಏನೂ ಒತ್ತಿಲ್ಲ ಬಿಡು. ನಿನ್ನ ಕಣ್ಣಿಗೂ ಲಕ್ವಾ ಹೊಡದೈತಿ," ಎಂದೆ.

"ತಾ ಇಲ್ಲಿ ಕೈ, ತೋರಸ್ತೇನಿ!" ಎಂದು ಕೈ ಚಾಚಿದ. ಚಾಚಿದ್ದು ಎಡಗೈ. ಅದನ್ನು ತಾನೇ ಒಂದು ಕ್ಷಣ ನೋಡಿ, ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಫೋನಿನಲ್ಲಿ ಜನ ಚಪ್ಪಾಳೆ ಹೊಡೆಯುತ್ತಲೇ ಇದ್ದರು.

ನಾನು ಹೆಗಲ ಮೇಲಿನ ಟವೆಲ್ಲು ತೆಗೆದು, ತೊಡೆಯ ಮೇಲೆ ಬಿದ್ದಿದ್ದ ಅವನ ಬಲಗೈಗೆ ಹೊದಿಸಿ, ನನ್ನ ಕೈಯನ್ನೂ ಒಳಗೆ ಹಾಕಿದೆ.

"ಎಮ್ಮಿ ಮಾರ್ತೀಯಲ್ಲ? ನಾನ ತಗೋತೇನಿ."

ಎರಡು ಬೆರಳು ಹಿಡಿದೆ. ಆ ಎಮ್ಮೆಗೆ ಸಂತೆಯಲ್ಲಿ ಕಣ್ಣುಮುಚ್ಚಿ ನಾಲ್ಕು ಕೊಡುತ್ತಾರೆ.

"ಎರಡ? ಕಳ್ಳ ಅದೀಯೋ ನೀ! ಹೊಟ್ಟಿಗೆ ಏನ್ ತಿಂತಿ?"

"ಬಾಯಿಲೆ ಬ್ಯಾಡ. ಬೆರಳಿಲೆ ಹೇಳು."

ಅವನ ಹಣೆಯ ನರ ಉಬ್ಬಿತು. ಟವೆಲ್ಲಿನ ಕೆಳಗೆ ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನನ್ನ ತೋರುಬೆರಳಿಗೆ ಏನೋ ತಾಗಿತು. ಹಿಡಿಯಿತು. ಜಾರಿತು. ಮತ್ತೆ ಹಿಡಿದು ಪಕ್ಕದ ಬೆರಳನ್ನೂ ಸೇರಿಸಿಕೊಂಡಿತು. ನಾನು ಬೇಕಂತಲೇ ಬಾಗಿಲ ಕಡೆ ನೋಡುತ್ತ ಕೂತೆ. ಮೂರನೆಯ ಬೆರಳೂ ಹಿಡಿತಕ್ಕೆ ಬಂತು. ಕಿರುಬೆರಳು ಮಾತ್ರ ಸಿಗಲಿಲ್ಲ.

"ಮೂರಕ್ಕ ಆತು ನೋಡ್ರಿ ಭಾಬಿ!" ಎಂದು ಜೋರಾಗಿ ಕೂಗಿದೆ. "ಎಮ್ಮಿ ಬಿಚ್ಚರಿ!"

"ಏ, ಸುಮ್ನ ಕೂಡ್ರು! ಎಲ್ಲಿ ಮೂರು? ಇನ್ನೂ ಮುಗಿದಿಲ್ಲ!"

ಅವನ ಮೈಯೆಲ್ಲ ಆ ಕೈಗೆ ಇಳಿದಂತಿತ್ತು. ನನ್ನ ಕಿರುಬೆರಳ ತುದಿಯನ್ನು ಅವನ ಉಗುರು ಮುಟ್ಟಿತು, ಎಳೆಗರು ಬೆರಳು ಚೀಪುವಷ್ಟೇ ಬಲದಲ್ಲಿ ಎಳೆದುಕೊಂಡಿತು. ನಾಲ್ಕು.

ಭಾಬಿ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಕಾಣುತ್ತಿದ್ದದ್ದು ಕುಣಿಯುವ ಟವೆಲ್ಲು ಮಾತ್ರ.

"ವ್ಯಾಪಾರ ಆತೇನ್ರಿ?"

"ಎಲ್ಲಿ ಆಗತೈತ್ರಿ? ನಾಕಕ್ಕ ಕೂತಾನ, ಇಳಿಯಂಗಿಲ್ಲ. ಮುಂದಿನ ವಾರ ಬಂದು ಮತ್ತ ಕೇಳ್ತೇನಿ."

ಟವೆಲ್ಲು ತೆಗೆದು ಜಾಡಿಸಿ ಹೆಗಲಿಗೆ ಹಾಕಿಕೊಂಡೆ. ಅವನು ಬೆವೆತಿದ್ದ. ಬಲಗೈಯನ್ನು ಎಡಗೈಯಿಂದ ತಿಕ್ಕುತ್ತ, ನನ್ನನ್ನು ನೋಡದೆಯೇ ಹೇಳಿದ:

"ಬಾ. ಮುಂದಿನ ವಾರ ಐದಕ್ಕ ಕಮ್ಮಿ ಕೊಡಂಗಿಲ್ಲ."

ಆ ಎಮ್ಮೆಗೆ ಐದು ಬಹಳ ಹೆಚ್ಚಾಯಿತು. ಅದನ್ನು ಅವನಿಗೆ ಹೇಳದೆ ಚಪ್ಪಲಿ ಮೆಟ್ಟಿಕೊಂಡೆ.