ಎಲ್ಲ ಕವಲೂ ಹಸಿರು

ವೈರಣ್ಣ ಎಂದರೆ ಬಟ್ಟೆ ಕಂಪನಿಯಲ್ಲಿ ಎಲ್ಲರಿಗೂ ಗೊತ್ತು. ಅವನ ನಿಜವಾದ ಹೆಸರು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕಂಪನಿಯ ನೆಟ್‌ವರ್ಕ್ ಅವನ ಪಾಲಿನ ಕೆಲಸ. ಯಜಮಾನರ ಭಾಷಣ ಊರೂರಿನ ಅಂಗಡಿಗಳ ಟಿವಿಯಲ್ಲಿ ಒಂದೇ ಸಲ ಕಾಣಬೇಕು. ಅಂಗಡಿಗೊಂದು ಪ್ರತಿ ಕಳಿಸಿದರೆ ಅಷ್ಟು ಭಾರ ಲೈನ್ ತಡೆಯುತ್ತಿರಲಿಲ್ಲ; ಟಿವಿಯಲ್ಲಿ ಯಜಮಾನರು ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿದ್ದರು. ನಗುವವರು ನಕ್ಕರು, ಉಗಿಸಿಕೊಂಡವನು ವೈರಣ್ಣ. ಇನ್ನೊಂದು ಸಲ ಚಿತ್ರ ನಿಂತರೆ ಮನೆಗೆ ಹೋಗು ಎಂದು ಮ್ಯಾನೇಜರ್ ಹೇಳಿಯೂ ಆಗಿತ್ತು.

ಉಳಿದ ಉಪಾಯ ಮಲ್ಟಿಕಾಸ್ಟ್ ಒಂದೇ. ಹೊರಡುವುದು ಒಂದೇ ಪ್ರತಿ. ದಾರಿ ಕವಲೊಡೆದಲ್ಲಿ ಮಾತ್ರ ಅದು ಎರಡಾಗುತ್ತದೆ. ಟಿವಿ ಹಾಕಿದ ಅಂಗಡಿಗೆ ಚಿತ್ರ ಹರಿಯುತ್ತದೆ, ಆಫ್ ಮಾಡಿದರೆ ಆ ಕವಲು ತಾನಾಗಿ ನಿಲ್ಲುತ್ತದೆ. ಅಂಗಡಿ ಎಷ್ಟೇ ಹೆಚ್ಚಿದರೂ ಲೈನಿಗೆ ಭಾರವಿಲ್ಲ. ಹರಿಯುವ ಕವಲೆಲ್ಲ ಅವನ ಮಾನಿಟರಿನಲ್ಲಿ ಹಸಿರು.

ಪರೀಕ್ಷೆಯ ದಿನ ಎಲ್ಲ ಅಂಗಡಿಗಳಿಗೂ ಟಿವಿ ಹಾಕಲು ಹೇಳಿ, ಭಾಷಣದ ಬದಲಿಗೆ ಮೇಜಿನ ಮೇಲೊಂದು ಸಣ್ಣ ಕ್ಯಾಮೆರಾ ಇಟ್ಟು ಚಾಲೂ ಮಾಡಿದ. ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದ.

"ನಿನ್ ಪರೀಕ್ಷೆ ಗಿರೀಕ್ಷೆ ಸಾಕು. ನಾಳೆಯಿಂದ ಬರ್ಬೇಡ, ಬೇರೆಯವ್ರಿಗೆ ಹೇಳಾಗಿದೆ."

ವೈರಣ್ಣನಿಗೆ ಕ್ಯಾಮೆರಾ ಎಲ್ಲಿ ನೆನಪಿರಬೇಕು? ಮಂಡಿಯೂರಿ ಮ್ಯಾನೇಜರನ ಎರಡೂ ಕಾಲು ಹಿಡಿದ.

"ದಮ್ಮಯ್ಯ ಸಾರ್! ಈ ವಯಸ್ಸಲ್ಲಿ ನಂಗ್ಯಾರು ಕೆಲಸ ಕೊಡ್ತಾರೆ? ಕಸ ಗುಡಿಸು ಅಂದ್ರೂ ಗುಡಿಸ್ತೀನಿ."

"ಬಿಡಯ್ಯ, ಪ್ಯಾಂಟ್ ಕೊಳೆಯಾಗುತ್ತೆ," ಎಂದು ಆ ಪುಣ್ಯಾತ್ಮ ಕಾಲು ಕೊಡವಿದ.

ಆಗಲೇ ಮ್ಯಾನೇಜರನಿಗೆ ಫೋನ್ ಬಂತು. ಕೇಳುತ್ತ ಕೇಳುತ್ತ ಕ್ಯಾಮೆರಾದ ಕಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏಳೋ ಮಾರಾಯ! ನಿನ್ ಗೋಳು ಎಲ್ಲಾ ಅಂಗಡೀಲೂ ನೋಡಿದ್ರಂತೆ. ಎಲ್ಲೂ ಒಂದ್ಸಲಾನೂ ನಿಂತಿಲ್ವಂತೆ! ನಿನ್ ಕೆಲಸ ಉಳೀತು, ಹೋಗು."

ವೈರಣ್ಣ ತಿರುಗಿ ಮಾನಿಟರ್ ನೋಡಿದ. ಎಲ್ಲ ಕವಲೂ ಹಸಿರು. ಅಯ್ಯೋ ಪಾಪ ಎಂದು ಟಿವಿ ಆಫ್ ಮಾಡಿದವರು ಒಬ್ಬರೂ ಇರಲಿಲ್ಲ. ಪೇಟೆಯ ಅಂಗಡಿಯ ಕವಲೂ ಹಸಿರಾಗಿತ್ತು. ಅಲ್ಲಿ ಬಿಲ್ ಹಾಕುವವಳು ಅವನ ಹೆಂಡತಿ; ಟಿವಿಯ ರಿಮೋಟ್ ಇರುವುದು ಅವಳ ಡ್ರಾಯರಿನಲ್ಲೇ.

ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳಿದ: "ನೀನಾದ್ರೂ ಆಫ್ ಮಾಡ್ಬಾರ್ದಿತ್ತೇನೇ?"

ಅವಳು ಅವನ ಮುಖ ನೋಡದೆ ತಟ್ಟೆ ಇಟ್ಟಳು.

"ಮಾಡಿದ್ರೆ ಗೊತ್ತಾಗ್ಬಿಡ್ತಿತ್ತಲ್ರೀ, ನೀವು ನನ್ ಗಂಡ ಅಂತ. ಅಲ್ಲಿ ಯಾರಿಗೂ ಹೇಳಿಲ್ಲ ನಾನು. ಎಲ್ರೂ ನಗ್ತಿದ್ರು, ನಾನೂ ನಕ್ಕೆ."