ಕೊಂಬಿನ ಮಾಟ

ಬೇರಿಕೆ ಊರಿನ ಹತ್ತಿರ ನಮ್ಮ ಮನೆಯವರೇ ಸೇರಿ ದ್ರಾಕ್ಷಿ ಬೆಳೆದು ವೈನ್ ಮಾಡುತ್ತೇವೆ. ಅಂಗಡಿ ಗೊಬ್ಬರ ಮುಟ್ಟುವುದಿಲ್ಲ. ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂತಿಟ್ಟು, ಚಳಿ ಕಳೆದ ಮೇಲೆ ತೆಗೆದು, ನೀರಲ್ಲಿ ಕದಡಿ ತೋಟಕ್ಕೆ ಚಿಮುಕಿಸುತ್ತೇವೆ.

ಈ ಸಲ ನಾನೂ ಅತ್ತೆಯೂ ಕೊಂಬು ಅಗೆದು ತೆಗೆಯುವುದನ್ನು, ಕೊಯ್ಲಿಗೆ ಹೆಂಗಸರನ್ನು ಕರೆತರುವ ಮುನಿಯಕ್ಕ ನೋಡಿಬಿಟ್ಟಳು.

"ಅಯ್ಯೋ, ಮಾಟ! ಇನ್ನು ನಿಮ್ ತೋಟಕ್ಕೆ ಯಾರೂ ಬರಲ್ಲ."

ಹಣ್ಣು ಮಾಗಿ ನಿಂತಿತ್ತು. ಕೊಯ್ಯುವವರು ಬಾರದಿದ್ದರೆ ವರ್ಷದ ಬೆಳೆಯೇ ಹೋಯಿತು. ಅತ್ತೆ ಕೊಂಬು ಕೊಡವಿ, ಒಳಗಿದ್ದದ್ದನ್ನು ಮುನಿಯಕ್ಕನ ಅಂಗೈಗೆ ಹಾಕಿ, "ಮೂಸ್ನೋಡು" ಅಂದರು. ಸಗಣಿ ನಾತವೇ ಇಲ್ಲ, ಕಾಡುಮಣ್ಣಿನ ಘಮ. ಮುನಿಯಕ್ಕ ಮತ್ತೆ ಮತ್ತೆ ಮೂಸಿ, ಹೊರಟುಹೋದಳು.

ಬೆಳಗಾಗುತ್ತಲೇ ಹೆಂಗಸರ ದಂಡೇ ಬಂತು. ಮುಂದೆ ಮುನಿಯಕ್ಕ, ಕೈಯಲ್ಲಿ ಜೋಡಿ ಕೊಂಬು.

"ಸತ್ತೋದ ನಮ್ ಹಸುಂದು. ಇವನ್ನೂ ಹೂತಾಕಿ, ನನ್ ಗುಲಾಬಿ ಗಿಡಕ್ಕೆ."

ಊರಲ್ಲೀಗ ಮಾಟಗಾತಿಯರು ಮೂವರು.